ಗಿಡ ಕೊನೆಗೆ ಬರಲಿ
ಮನೆತೋಟ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಗಿಡದ ರೋಗದ ಬಗ್ಗೆ ಅಲ್ಲ, ತೋಟ ಮಾಡಿಸುವ ಕೆಲಸದ ಬಗ್ಗೆ. ನಕ್ಷೆ ಕೈಗೆ ಬಂದಿದೆ, ಮುಂದೇನು ಎಂಬ ಗಾಬರಿ ಎಲ್ಲರದು. ನಾನು ಇಪ್ಪತ್ತಾರು ವರ್ಷ ಮನೆತೋಟಗಳ ಕಾಮಗಾರಿಯ ಮೇಲ್ವಿಚಾರಣೆ ಮಾಡಿದವಳು. ನಕ್ಷೆ ಬರೆದವಳಲ್ಲ, ಬೇರೆಯವರು ಬರೆದ ನಕ್ಷೆಯನ್ನು ಮಣ್ಣಿಗೆ ಇಳಿಸಿದವಳು. ಆದ್ದರಿಂದ ಈ ಪುಟದಲ್ಲಿ ಹೂವಿಗಿಂತ ಕೊಳವೆಯ ಮಾತು ಹೆಚ್ಚು ಬಂದರೆ ಬೇಸರ ಮಾಡಿಕೊಳ್ಳಬೇಡಿ.

ಪ್ರಶ್ನೆ: ಮನೆ ಕಟ್ಟಿ ಮುಗಿದಿದೆ. ವಿನ್ಯಾಸಕಾರರು ಬಣ್ಣ ಹಚ್ಚಿದ ಸುಂದರ ನಕ್ಷೆ ಕೊಟ್ಟಿದ್ದಾರೆ. ನರ್ಸರಿಯಲ್ಲಿ ಕಡಿಮೆ ಬೆಲೆಗೆ ಸಿಕ್ಕಿತೆಂದು 64 ಗಿಡ ತಂದು ತಾರಸಿಯ ಮೇಲೆ ಇಟ್ಟಿದ್ದೇನೆ. ಕಲ್ಲುಹಾಸಿನವರು ಬರುವುದು ಇನ್ನೂ ಹದಿನೈದು ದಿನಕ್ಕೆ. ಅಷ್ಟರಲ್ಲಿ ನೆಡಲು ಶುರು ಮಾಡಲೇ?

ಉತ್ತರ: ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿಬಿಟ್ಟಿದ್ದೀರಿ. ಆಗಿದ್ದು ಆಯಿತು. ಮೊದಲು ಆ 64 ಗಿಡಗಳನ್ನು ತಾರಸಿಯಿಂದ ಇಳಿಸಿ. ಕಾದ ಕಾಂಕ್ರೀಟಿನ ಮೇಲೆ ಕಪ್ಪು ಪ್ಲಾಸ್ಟಿಕ್ ಚೀಲದೊಳಗಿನ ಬೇರು ಬೇಯುತ್ತದೆ. ಮನೆಯ ನೆರಳು ಬೀಳುವ ಬದಿಯಲ್ಲಿ ಒಂದಕ್ಕೊಂದು ತಾಗುವಂತೆ ಗುಂಪಾಗಿ ಇಡಿ. ಒಂಟಿಯಾಗಿ ನಿಂತ ಕುಂಡ ಬೇಗ ಒಣಗುತ್ತದೆ, ಗುಂಪಿನಲ್ಲಿರುವುದು ತಡೆದುಕೊಳ್ಳುತ್ತದೆ. ನೀರು ಹಾಕುತ್ತಿದ್ದರೆ ಎರಡು ತಿಂಗಳು ಹಾಗೇ ಇದ್ದರೂ ಏನೂ ಆಗದು. ನೆಡುವುದು ಮಾತ್ರ ಬೇಡ.

ಏಕೆಂದರೆ ತೋಟದ ಕೆಲಸದಲ್ಲಿ ಪ್ರತಿ ತಂಡವೂ ಹಿಂದಿನ ತಂಡದ ಕೆಲಸವನ್ನು ತುಳಿದುಕೊಂಡೇ ಬರುತ್ತದೆ. ಆದ್ದರಿಂದ ತುಳಿತ ತಡೆಯಲಾರದ್ದು ಕೊನೆಗೆ ಬರಬೇಕು. ಬೇಡದ್ದನ್ನು ಕೆಡವಿ ಸಾಗಿಸುವುದು, ನೆಲದ ಮಟ್ಟ ತಿದ್ದುವುದು, ಮಳೆನೀರಿನ ಹಾದಿ, ನೆಲದಡಿಯ ಕೊಳವೆ ಮತ್ತು ತಂತಿ, ಆಮೇಲೆ ಗೋಡೆ, ಮೆಟ್ಟಿಲು, ಕಲ್ಲುಹಾದಿ. ಇಷ್ಟಾದ ಮೇಲೆ ಒಳ್ಳೆಯ ಮಣ್ಣು. ನಂತರ ಮರ, ಪೊದೆ, ನೆಲಕ್ಕೆ ಹಬ್ಬುವ ಗಿಡ, ಎಲ್ಲಕ್ಕೂ ಕೊನೆಗೆ ಹುಲ್ಲು. ಒಂದೇ ಅಪವಾದ, ಯಂತ್ರದಿಂದ ಎತ್ತಿ ಇಳಿಸಬೇಕಾದ ದೊಡ್ಡ ಮರ. ಹಾದಿ ಹಾಸಿದ ಮೇಲೆ ಆ ಯಂತ್ರ ಒಳಗೆ ಬಂದರೆ ಕಲ್ಲು ಉಳಿಯುವುದಿಲ್ಲ. ಅಂಥ ಮರವಿದ್ದರೆ ಅದು ಮೊದಲೇ ಬರಲಿ, ಸುತ್ತ ಬೇಲಿ ಕಟ್ಟಿ ಕಾಪಾಡಿ.

ಈ ಪಾಠ ನಾನು ಕಲಿತದ್ದು ನಾಚಿಕೆಪಟ್ಟು. ನನ್ನ ಮೊದಲ ತೋಟದಲ್ಲಿ ಹನ್ನೊಂದು ಮೀಟರ್ ಉದ್ದದ ಕಲ್ಲುಹಾದಿ ಮುಗಿಸಿ, ಗುಡಿಸಿ, ಮನೆಯವರನ್ನು ಕರೆದು ತೋರಿಸಿದೆ. ಮನೆಯ ಹಿರಿಯರು ಒಂದೇ ಪ್ರಶ್ನೆ ಕೇಳಿದರು: ‘ಆಚೆ ಬದಿಯ ಗಿಡಗಳಿಗೆ ನೀರು ಹೇಗಮ್ಮಾ ಹೋಗುತ್ತದೆ?’ ನನ್ನ ಬಳಿ ಉತ್ತರವಿರಲಿಲ್ಲ. ಮೂರು ಸಾಲು ಕಲ್ಲು ಎಬ್ಬಿಸಿ, ಅಗೆದು, ಕೊಳವೆ ಹಾಕಿ ಮತ್ತೆ ಮುಚ್ಚಿದೆವು. ಆ ಪಟ್ಟಿ ಪೂರ್ತಿ ಗಟ್ಟಿಯಾಗಲೇ ಇಲ್ಲ. ಮೂರು ವರ್ಷದ ಮೇಲೆ ಹೋದಾಗಲೂ ಮಳೆ ನಿಂತ ಮೇಲೆ ಅಲ್ಲೊಂದು ನೀರಿನ ಗೆರೆ ಕಾಣುತ್ತಿತ್ತು, ಹಣೆಯ ಮೇಲಿನ ಹಳೆಯ ಗಾಯದಂತೆ. ಅಂದಿನಿಂದ, ಬೇಕಿರಲಿ ಬಿಡಲಿ, ಪ್ರತಿ ಹಾದಿಯ ಅಡಿಯಲ್ಲಿ ಎರಡು ಖಾಲಿ ಪಿವಿಸಿ ಕೊಳವೆ ಅಡ್ಡಡ್ಡ ಹೂಳಿಸುತ್ತೇನೆ. ನೀರಿಗೆ 100 ಮಿ.ಮೀ.ನದು ಒಂದು, ತಂತಿಗೆ ಬೇರೆ ಒಂದು. ಎರಡೂ ತುದಿಗೆ ಮುಚ್ಚಳ. ಮನೆಯ ಎರಡು ಮೂಲೆಗಳಿಂದ ಅಳೆದು ಅದರ ಜಾಗವನ್ನು ನಕ್ಷೆಯ ಮೇಲೆ ಬರೆದಿಡಿ. ಒಂದು ಮೂಲೆಯಿಂದ ಅಳೆದರೆ ಸಾಲದು, ಮುಂದಿನ ವರ್ಷ ಹುಡುಕುವವರು ಅರ್ಧ ಅಂಗಳ ಅಗೆಯುತ್ತಾರೆ.

ಈ ಹದಿನೈದು ದಿನದಲ್ಲಿ ನೀವು ಮಾಡಬೇಕಾದದ್ದು ಬೇರೆಯಿದೆ. ಬಣ್ಣದ ನಕ್ಷೆ ನೋಡಲು ಚೆಂದ, ಅದನ್ನು ಹಿಡಿದು ಕೆಲಸ ಮಾಡಲು ಬಾರದು. ಇನ್ನೂ ಮೂರು ಹಾಳೆ ಕೇಳಿ: ನೆಲದ ಮಟ್ಟಗಳದು, ಕೊಳವೆ-ತಂತಿಗಳದು, ಗಿಡಗಳ ಹೆಸರು, ಸಂಖ್ಯೆ, ಅಂತರ ಬರೆದದ್ದು. ಆಮೇಲೆ ಸುಣ್ಣದ ಪುಡಿಯಲ್ಲಿ ನೆಲದ ಮೇಲೆ ಗೆರೆ ಎಳೆಯಿರಿ. ಬಾಗಿದ ಗೆರೆಗೆ ನೀರಿನ ರಬ್ಬರ್ ಕೊಳವೆಯನ್ನೇ ಹಾಸಿ ನೋಡಿದರೆ ಸುಲಭ. ಮೂಲೆಮಟ್ಟಕ್ಕೆ ಹಗ್ಗದಲ್ಲಿ 3, 4, 5 ಮೀಟರಿನ ತ್ರಿಕೋನ ಮಾಡಿ. 5ರ ಎದುರಿನ ಮೂಲೆ ಸರಿಯಾಗಿ ಲಂಬಕೋನ. ಇಬ್ಬರು ಜೊತೆಯಾಗಿ ನಡೆಯುವ ಹಾದಿಗೆ 120 ಸೆಂ.ಮೀ. ಬೇಕು, ಒಬ್ಬರಿಗೆ 90. ಕುಳಿತುಕೊಳ್ಳುವ ಜಾಗದಲ್ಲಿ ನಿಜವಾದ ಕುರ್ಚಿಗಳನ್ನೇ ಇಟ್ಟು, ಒಂದನ್ನು ಹಿಂದಕ್ಕೆ ಎಳೆದು ಎದ್ದು ನೋಡಿ. ನಕ್ಷೆಯಲ್ಲಿ ಕುರ್ಚಿಗಳು ಯಾವಾಗಲೂ ಮೇಜಿಗೆ ಅಂಟಿಕೊಂಡೇ ಇರುತ್ತವೆ. ಅಲ್ಲಿ ಯಾರೂ ಎದ್ದು ಹೋಗುವುದಿಲ್ಲ. ಗೇಟು ತೆರೆದಾಗ ಯಾವುದಕ್ಕೆ ತಾಗುತ್ತದೆ ಎಂದೂ ಈಗಲೇ ಗೊತ್ತಾಗಲಿ.

ಪ್ರಶ್ನೆ: ಮಳೆ ಬಂದರೆ ಮನೆಯ ಹಿಂಗೋಡೆಯ ಬುಡದಲ್ಲಿ ನೀರು ನಿಲ್ಲುತ್ತದೆ. ಅಲ್ಲಿಗೆ ಜಲ್ಲಿ ಸುರಿದು ಗಿಡ ನೆಟ್ಟರೆ ಹೀರಿಕೊಳ್ಳುತ್ತದೆ ಎಂದು ಗುತ್ತಿಗೆದಾರರು ಹೇಳುತ್ತಾರೆ. ನಂಬಬಹುದೇ?

ಉತ್ತರ: ನಂಬಬೇಡಿ. ಜಲ್ಲಿ ನೀರನ್ನು ಕುಡಿಯುವುದಿಲ್ಲ, ಬಚ್ಚಿಡುತ್ತದೆ ಅಷ್ಟೇ. ನಿಮ್ಮ ಕಣ್ಣಿಗೆ ಕಾಣದು, ಗೋಡೆಗೆ ಚೆನ್ನಾಗಿ ಕಾಣುತ್ತದೆ.

ಗೋಡೆಯಿಂದ ಆಚೆಗೆ ಮೊದಲ 3 ಮೀಟರಿನಲ್ಲಿ ಮಣ್ಣಿನ ನೆಲ 15 ಸೆಂ.ಮೀ.ನಷ್ಟು ಇಳಿಯಬೇಕು. ಕಲ್ಲು, ಕಾಂಕ್ರೀಟು ಹಾಸಿದ ಕಡೆ ಮೀಟರಿಗೆ 2 ಸೆಂ.ಮೀ. ಸಾಕು. ಇಳಿತ ಎಷ್ಟಿದೆ ಎಂದು ತಿಳಿಯಲು ದೊಡ್ಡ ಉಪಕರಣ ಬೇಡ. ಹತ್ತು ಮೀಟರ್ ಪಾರದರ್ಶಕ ಕೊಳವೆಯಲ್ಲಿ ನೀರು ತುಂಬಿ, ಒಂದು ತುದಿಯನ್ನು ಗೋಡೆಗೆ ಹಿಡಿದು ಇನ್ನೊಂದನ್ನು ದೂರದ ಗೂಟಕ್ಕೆ ಹಿಡಿಯಿರಿ. ಎರಡು ಕಡೆಯೂ ನೀರು ಒಂದೇ ಮಟ್ಟದಲ್ಲಿ ನಿಲ್ಲುತ್ತದೆ. ಆ ಮಟ್ಟದಿಂದ ನೆಲಕ್ಕೆ ಎಷ್ಟು ಎಂದು ಎರಡೂ ಕಡೆ ಅಳೆದರೆ ವ್ಯತ್ಯಾಸವೇ ಇಳಿತ. ಒಳಗೆ ಗಾಳಿಗುಳ್ಳೆ ಇದ್ದರೆ ಲೆಕ್ಕ ತಪ್ಪುತ್ತದೆ, ಅದೊಂದು ಎಚ್ಚರ. ನನ್ನ ಕೊಳವೆಗೆ ಇಪ್ಪತ್ತು ವರ್ಷವಾಯಿತು, ಹಳದಿ ತಿರುಗಿದೆ, ಒಮ್ಮೆಯೂ ಸುಳ್ಳು ಹೇಳಿಲ್ಲ. ಕಣ್ಣಂದಾಜಿನವರು ಬಹಳ ಸಲ ಹೇಳಿದ್ದಾರೆ.

ಹಿಂಬದಿಯಲ್ಲಿ ಇಳಿತ ಕೊಡಲು ಜಾಗವೇ ಇಲ್ಲದಿದ್ದರೆ ತೋಡು ತೆಗೆದು, ತೂತಿರುವ ಕೊಳವೆಯನ್ನು ಜಲ್ಲಿಯ ನಡುವೆ ಮಲಗಿಸಿ, ಮಣ್ಣು ಒಳಹೋಗದಂತೆ ಸುತ್ತ ಸೋಸುಬಟ್ಟೆ ಹೊದಿಸಬೇಕು. ಮೀಟರಿಗೆ 1 ಸೆಂ.ಮೀ. ಇಳಿತವಾದರೂ ಇರಲಿ. ಮುಖ್ಯವಾಗಿ ಆ ಕೊಳವೆ ಎಲ್ಲಿಯಾದರೂ ಹೋಗಿ ತೆರೆದುಕೊಳ್ಳಬೇಕು, ಪಕ್ಕದ ಮನೆಯವರ ಅಂಗಳಕ್ಕೆ ಮಾತ್ರ ಅಲ್ಲ. ಇಂಗುಗುಂಡಿಗೆ ಬಿಡುವುದಾದರೆ ಮೊದಲು ಮಣ್ಣನ್ನು ಪರೀಕ್ಷಿಸಿ: 30 ಸೆಂ.ಮೀ. ಅಗಲ, ಅಷ್ಟೇ ಆಳದ ಗುಂಡಿ ತೋಡಿ ನೀರು ತುಂಬಿಸಿ ಇಂಗಲು ಬಿಡಿ. ಮತ್ತೆ ತುಂಬಿಸಿ ಗಂಟೆಗೆ ಎಷ್ಟು ಇಳಿಯುತ್ತದೆ ನೋಡಿ. 2.5 ಸೆಂ.ಮೀ. ಇಳಿದರೆ ಚಿಂತೆಯಿಲ್ಲ. ಒಂದು ಸೆಂಟಿಮೀಟರೂ ಇಳಿಯದಿದ್ದರೆ ಆ ಮಣ್ಣಿಗೆ ನೀರು ಇಂಗಿಸುವ ಕೆಲಸ ಒಪ್ಪಿಸಬೇಡಿ. ಮೊದಲ ಸಲದ ಇಳಿತವನ್ನು ಲೆಕ್ಕಕ್ಕೆ ಹಿಡಿಯಬಾರದು. ಒಣಮಣ್ಣಿನ ಬಾಯಾರಿಕೆ ಅದು.

ಪ್ರಶ್ನೆ: ಕೆಲಸ ಶುರುವಾಗುವ ಮೊದಲೇ ಅರ್ಧ ಹಣ ಕೇಳುತ್ತಿದ್ದಾರೆ. ಕೊಡಬೇಕೇ? ಒಪ್ಪಂದದಲ್ಲಿ ಏನೇನು ಬರೆಸಬೇಕು?

ಉತ್ತರ: ಸಾಮಗ್ರಿ ತರಲು ಸ್ವಲ್ಪ ಮುಂಗಡ ಕೇಳುವುದು ನ್ಯಾಯ. ಅರ್ಧ ಹೆಚ್ಚಾಯಿತು. ಕಂತುಗಳನ್ನು ದಿನಾಂಕಕ್ಕೆ ಕಟ್ಟಬೇಡಿ, ಮುಗಿದ ಕೆಲಸಕ್ಕೆ ಕಟ್ಟಿ: ಮಟ್ಟ ಮುಗಿದಾಗ ಒಂದು, ಕೊಳವೆಗಳಲ್ಲಿ ನೀರು ಹರಿಸಿ ತೋರಿಸಿದಾಗ ಒಂದು, ಹಾದಿ-ಗೋಡೆ ಮುಗಿದಾಗ ಒಂದು, ನೆಟ್ಟಾಗ ಒಂದು. ಕೊನೆಯ ಪಾಲನ್ನು ಮೊದಲ ಜೋರು ಮಳೆ ಬಿದ್ದು ಹೋಗುವವರೆಗೆ ಉಳಿಸಿಕೊಳ್ಳಿ. ಈ ಮಾತನ್ನು ಮೊದಲೇ ಹೇಳಿ, ಕೊನೆಗೆ ಹೇಳಿದರೆ ಜಗಳವಾಗುತ್ತದೆ.

‘ಉತ್ತಮ ಗುಣಮಟ್ಟದ ಹಾದಿ’ ಎಂದು ಬರೆದ ಕಾಗದ ಯಾವ ಉಪಯೋಗಕ್ಕೂ ಬಾರದು. ‘ದಮ್ಮಸು ಹಾಕಿದ (ಬಡಿದು ಗಟ್ಟಿ ಮಾಡಿದ) ಜಲ್ಲಿ 10 ಸೆಂ.ಮೀ., ಅದರ ಮೇಲೆ ಮರಳು 2.5 ಸೆಂ.ಮೀ., ಅದರ ಮೇಲೆ ಕಲ್ಲು, ಎರಡೂ ಅಂಚಿಗೆ ತಡೆ’ ಎಂದು ಬರೆಸಿ. ಗಾಡಿ ಓಡಾಡುವ ಜಾಗಕ್ಕೆ ಇನ್ನೂ ದಪ್ಪ ಬೇಕು. ಎತ್ತರಿಸಿದ ಮಣ್ಣನ್ನು ಒಮ್ಮೆಗೇ ಸುರಿಯದೆ 15ರಿಂದ 20 ಸೆಂ.ಮೀ. ಪದರಗಳಾಗಿ ದಮ್ಮಸು ಮಾಡಬೇಕು ಎಂದೂ ಇರಲಿ. ಇದು ಹಾದಿ, ಮೆಟ್ಟಿಲುಗಳ ಅಡಿಗೆ ಮಾತ್ರ, ಗಿಡದ ಪಾತಿಗೆ ಅಲ್ಲ. ಪಟ್ಟಿಯಲ್ಲಿನ ಗಿಡ ಸಿಗದಿದ್ದರೆ ನಿಮ್ಮನ್ನು ಕೇಳದೆ ಬೇರೆಯದು ತರುವಂತಿಲ್ಲ. ನಡುವೆ ಏನಾದರೂ ಬದಲಾದರೆ ಎಷ್ಟು ಖರ್ಚು, ಎಷ್ಟು ದಿನ ಎಂದು ಬರೆದು ಇಬ್ಬರೂ ಸಹಿ ಹಾಕಿದ ಮೇಲೆಯೇ ಕೆಲಸ. ಒಂದು ಮೀಟರಿಗಿಂತ ಎತ್ತರದ ತಡೆಗೋಡೆ ಇದ್ದರೆ ಎಂಜಿನಿಯರ್ ಲೆಕ್ಕ ಹಾಕಿ ಕೊಡಲಿ, ಗೋಡೆಯ ಹಿಂದೆ ಜಲ್ಲಿ, ಮೈಯಲ್ಲಿ ನೀರುಗಂಡಿ ಇರಲೇಬೇಕು. ಗೋಡೆಗಳನ್ನು ಬೀಳಿಸುವುದು ಬಹುಪಾಲು ಮಣ್ಣಲ್ಲ, ಹಿಂದೆ ಸಿಕ್ಕಿಬಿದ್ದ ನೀರು.

ಒಳ್ಳೆಯ ಕೆಲಸಗಾರರು ಇಂಥ ಕಾಗದಕ್ಕೆ ಮುನಿಯುವುದಿಲ್ಲ. ಎಷ್ಟೋ ಸಲ ಅದು ಕಾಪಾಡಿದ್ದು ಅವರನ್ನೇ, ದಿನಕ್ಕೊಂದು ಬಯಕೆ ಹುಟ್ಟುವ ಮನೆಯವರಿಂದ.

ಪ್ರಶ್ನೆ: 40 ಚದರ ಮೀಟರ್ ಜಾಗಕ್ಕೆ ಎಷ್ಟು ಮಣ್ಣು ತರಿಸಲಿ? ‘ಎರಡು ಲೋಡ್’ ಎನ್ನುತ್ತಾರೆ. ಲೋಡ್ ಎಂದರೆ ಎಷ್ಟು?

ಉತ್ತರ: ಲೋಡ್ ಎಂಬುದು ಅಳತೆಯಲ್ಲ, ನಂಬಿಕೆ. 40 ಚದರ ಮೀಟರಿಗೆ 15 ಸೆಂ.ಮೀ. ದಪ್ಪ ಎಂದರೆ 6 ಘನ ಮೀಟರ್. ಸಡಿಲ ಮಣ್ಣು ಕುಳಿತುಕೊಳ್ಳುತ್ತದೆ, ಐದರಲ್ಲೊಂದು ಪಾಲು ಹೆಚ್ಚು ಸೇರಿಸಿ 7 ಚಿಲ್ಲರೆ ಅಂದುಕೊಳ್ಳಿ. ಗಾಡಿ ಬಂದಾಗ ಟೇಪ್ ಹಿಡಿದು ಅದರ ತೊಟ್ಟಿಯ ಉದ್ದ, ಅಗಲ, ಮಣ್ಣಿನ ಎತ್ತರ ಅಳೆದು ಗುಣಿಸಿ. ಚಾಲಕರು ನಗುತ್ತಾರೆ, ಎರಡನೆಯ ಗಾಡಿ ತುಂಬಿಕೊಂಡು ಬರುತ್ತದೆ.

ತರಿಸುವ ಮೊದಲು ನಾಲ್ಕು ಕಡೆ ಮೊಣಕೈ ಆಳ ಅಗೆದು ನೋಡಿ. ಹೊಸ ಮನೆಯ ಸುತ್ತ ಸಾಮಾನ್ಯವಾಗಿ ಸಿಗುವುದು ಇಟ್ಟಿಗೆ ಚೂರು, ಗಟ್ಟಿಯಾದ ಸಿಮೆಂಟು, ಬಣ್ಣದ ಡಬ್ಬಿಯ ಮುಚ್ಚಳ. ಅದರ ಮೇಲೆ ಒಳ್ಳೆಯ ಮಣ್ಣು ಹರಡುವುದು ಕೊಳೆಯ ಮೇಲೆ ಜಮಖಾನ ಹಾಸಿದಂತೆ. ಸಿಮೆಂಟು ಮಣ್ಣನ್ನು ಕ್ಷಾರೀಯ ಮಾಡುತ್ತದೆ. ಆಗ ಮಣ್ಣಿನಲ್ಲಿ ಕಬ್ಬಿಣದ ಅಂಶವಿದ್ದರೂ ಬೇರಿಗೆ ದಕ್ಕದೆ, ನರ ಹಸಿರಾಗಿ ಉಳಿದು ಎಲೆ ಹಳದಿಯಾಗುತ್ತದೆ. ಆಯ್ದು ತೆಗೆಸಿ. ಗಾಡಿ, ಯಂತ್ರ ಓಡಾಡಿ ಬಿಗಿದ ನೆಲವನ್ನು ಒಂದು ಗೇಣಾದರೂ ಸಡಿಲಿಸಿ. ಹೊಸ ಮಣ್ಣಿನ ಮೊದಲ ಪದರವನ್ನು ಹಳೆಯದರೊಂದಿಗೆ ಕಲಸಿ, ಆಮೇಲೆ ಉಳಿದದ್ದು ಹಾಕಿ. ಇಲ್ಲದಿದ್ದರೆ ಎರಡರ ನಡುವಿನ ಗೆರೆಯಲ್ಲಿ ನೀರೂ ನಿಲ್ಲುತ್ತದೆ, ಬೇರೂ ನಿಲ್ಲುತ್ತದೆ. ಜೇಡಿಮಣ್ಣಿಗೆ ಸ್ವಲ್ಪ ಮರಳು ಬೆರೆಸಿ ‘ಹಗುರ’ ಮಾಡುತ್ತೇವೆ ಎಂದರೆ ಬೇಡವೆನ್ನಿ, ಇಟ್ಟಿಗೆಯ ತಮ್ಮ ಹುಟ್ಟುತ್ತಾನೆ. ಕಾಂಪೋಸ್ಟ್ ಹಾಕಿ.

ಪ್ರಶ್ನೆ: ಅಂಗಳದ ಹಳೆಯ ಮರವನ್ನು ಉಳಿಸಿಕೊಂಡೇ ತೋಟ ಮಾಡಬೇಕೆಂದಿದ್ದೇವೆ. ಬುಡದಿಂದ ಒಂದು ಮೀಟರ್ ಬಿಟ್ಟು ಅಗೆದರೆ ಸಾಕೇ?

ಉತ್ತರ: ಸಾಲದು. ಎದೆಮಟ್ಟದಲ್ಲಿ ಕಾಂಡದ ವ್ಯಾಸ ಅಳೆದು 12ರಿಂದ ಗುಣಿಸಿ. 40 ಸೆಂ.ಮೀ. ದಪ್ಪದ ಮರಕ್ಕೆ ಸುತ್ತಲೂ 4.8 ಮೀಟರ್ ಆಯಿತು. ಅಷ್ಟು ದೂರಕ್ಕೆ ಬೇಲಿ ಕಟ್ಟಿ, ಹಗ್ಗವಲ್ಲ, ಬೇಲಿ. ಹಗ್ಗವನ್ನು ಮಧ್ಯಾಹ್ನದ ಹೊತ್ತಿಗೆ ಯಾರೋ ಬಟ್ಟೆ ಒಣಹಾಕಲು ಬಿಚ್ಚಿಕೊಂಡಿರುತ್ತಾರೆ. ಮರದ ಬೇರು ಪಾತಾಳಕ್ಕೆ ಇಳಿದಿದೆ ಎಂದು ನಾವು ಭಾವಿಸುತ್ತೇವೆ. ಆಹಾರ ಹೀರುವ ಬೇರುಗಳ ಬಹುಪಾಲು ಮೇಲಿನ 60 ಸೆಂ.ಮೀ.ನಲ್ಲೇ ಇರುತ್ತದೆ. ಬೇಲಿಯೊಳಗೆ ಅಗೆಯುವುದೂ ಬೇಡ, ಮಣ್ಣು ಏರಿಸುವುದೂ ಬೇಡ, ಸಿಮೆಂಟು ಕಲಸುವುದಂತೂ ಬೇಡವೇ ಬೇಡ. ಬೇರಿನ ಮೇಲೆ ಮಣ್ಣು ಪೇರಿಸಿದರೆ ಉಸಿರುಗಟ್ಟುತ್ತದೆ. ಮರ ತಕ್ಷಣ ಹೇಳುವುದಿಲ್ಲ. ಮೂರು-ನಾಲ್ಕು ವರ್ಷ ಕಳೆದು, ಕಾರಣ ಎಲ್ಲರಿಗೂ ಮರೆತುಹೋದ ಮೇಲೆ, ತುದಿಯಿಂದ ಒಣಗುತ್ತಾ ಬರುತ್ತದೆ.

ಪ್ರಶ್ನೆ: ಅಂಗಳದಲ್ಲಿ ಮಾಡುವಂಥ ತೋಟವನ್ನೇ ತಾರಸಿಯ ಮೇಲೆ ಮಾಡಬಹುದೇ?

ಉತ್ತರ: ನೆನೆದ ಮಣ್ಣು ಘನ ಮೀಟರಿಗೆ ಒಂದೂವರೆ ಟನ್ನಿಗಿಂತ ಹೆಚ್ಚು ತೂಗುತ್ತದೆ. 30 ಸೆಂ.ಮೀ. ದಪ್ಪ ಹಾಕಿದರೆ ಪ್ರತಿ ಚದರ ಮೀಟರಿಗೆ ಸುಮಾರು 500 ಕಿಲೋ. ಕಟ್ಟಡದ ಎಂಜಿನಿಯರ್ ಲಿಖಿತವಾಗಿ ಒಪ್ಪುವವರೆಗೆ ಒಂದು ಬುಟ್ಟಿ ಮಣ್ಣೂ ಮೇಲೆ ಹೋಗಬಾರದು.

ಪ್ರಶ್ನೆ: ಹನಿ ನೀರಾವರಿ ಹಾಕಿಸಿದ್ದೇವೆ. ಹತ್ತಿರದ ಗಿಡ ಕೊಳೆಯುತ್ತಿದೆ, ಕೊನೆಯ ಗಿಡ ಒಣಗುತ್ತಿದೆ.

ಉತ್ತರ: ನಲ್ಲಿಯ ಕೆಳಗೆ 20 ಲೀಟರ್ ಬಕೆಟ್ ಇಟ್ಟು ಗಡಿಯಾರ ನೋಡಿ. ಒಂದು ನಿಮಿಷಕ್ಕೆ ತುಂಬಿದರೆ ಗಂಟೆಗೆ 1200 ಲೀಟರ್. ಗಂಟೆಗೆ 4 ಲೀಟರ್ ತೊಟ್ಟಿಕ್ಕುವ ಮೂತಿಗಳಾದರೆ ಲೆಕ್ಕಕ್ಕೆ 300 ಸಾಗಬೇಕು, ನಾನಾದರೆ 225ಕ್ಕೆ ನಿಲ್ಲಿಸುತ್ತೇನೆ. ಅದಕ್ಕಿಂತ ಹೆಚ್ಚಿದ್ದರೆ ಎರಡು ಭಾಗ ಮಾಡಿ, ಎರಡಕ್ಕೂ ನೀರು ಬಿಟ್ಟು ನಿಲ್ಲಿಸುವ ತಿರುಪು (ವಾಲ್ವ್) ಬೇರೆ ಬೇರೆ ಇಡಿಸಿ. ಮರ ಮತ್ತು ಹುಲ್ಲು ಒಂದೇ ತಿರುಪಿನಡಿ ಎಂದೂ ಬೇಡ, ಅವುಗಳ ದಾಹ ಬೇರೆ. ಸಂಖ್ಯೆ ಸರಿಯಿದ್ದೂ ತೊಂದರೆ ಇದ್ದರೆ ಕೊಳವೆಯ ಕೊನೆಯ ಮುಚ್ಚಳ ಬಿಚ್ಚಿ ನೀರು ಬಿಡಿ. ಕೆಲಸದ ವೇಳೆ ಒಳಹೊಕ್ಕ ಮಣ್ಣು, ಪ್ಲಾಸ್ಟಿಕ್ ಚೂರು ಹೊರಬರುತ್ತದೆ. ಮುಚ್ಚುವ ಮೊದಲೇ ಇದನ್ನು ಮಾಡಬೇಕಿತ್ತು.

ಪ್ರಶ್ನೆ: ಎಲ್ಲವನ್ನೂ ಒಮ್ಮೆಗೇ ಮಾಡಿಸುವಷ್ಟು ಹಣವಿಲ್ಲ. ಈ ವರ್ಷ ಹುಲ್ಲು ಮತ್ತು ಹೂಗಿಡ, ಮುಂದಿನ ವರ್ಷ ಹಾದಿ ಮತ್ತು ದೀಪ ಎಂದುಕೊಂಡಿದ್ದೇವೆ.

ಉತ್ತರ: ತಿರುಗಿಸಿ. ಈ ವರ್ಷ ಮಟ್ಟ, ಚರಂಡಿ, ದೀಪ ಹಾಕದಿದ್ದರೂ ದೀಪದ ತಂತಿಗೆ ಖಾಲಿ ಕೊಳವೆ, ಜೊತೆಗೆ ಎರಡು-ಮೂರು ಮರ. ಮರಕ್ಕೆ ಬೇಕಾದದ್ದು ಕಾಲ, ಅದನ್ನು ಮುಂದಿನ ವರ್ಷ ಹಣ ಕೊಟ್ಟು ಕೊಳ್ಳಲಾಗದು. ಖಾಲಿ ನೆಲಕ್ಕೆ ಒಣ ಎಲೆ, ಮರದ ಚಕ್ಕೆ ಒಂದು ಬೆರಳುದ್ದ ದಪ್ಪ ಹಾಸಿದರೆ ಕಳೆ, ಕೆಸರು ಎರಡೂ ಕಡಿಮೆ. ಜನ ಬಂದು ‘ಏನೂ ಮಾಡಿಸಿಲ್ಲವಲ್ಲ’ ಎನ್ನುತ್ತಾರೆ. ಅವರಿಗೆ ನೆಲದಡಿ ಕಾಣುವುದಿಲ್ಲ, ಬಿಡಿ.

ಪ್ರಶ್ನೆ: ನೆಟ್ಟು ಒಂದು ತಿಂಗಳಾಯಿತು. ಎರಡು ಮರಗಳ ಎಲೆ ಜೋತುಬಿದ್ದಿದೆ. ಇನ್ನಷ್ಟು ನೀರು ಹಾಕಿ ಎನ್ನುತ್ತಾರೆ.

ಉತ್ತರ: ಹಾಕುವ ಮೊದಲು ಬುಡದಲ್ಲಿ ಬೆರಳು ಇಳಿಸಿ. ಎರಡು ಗೆಣ್ಣಿನಾಳಕ್ಕೆ ಒದ್ದೆಯಿದ್ದರೆ ನೀರಿನ ಕೊರತೆಯಲ್ಲ. ಬಾಯಾರಿದ ಗಿಡವೂ ಬಾಡುತ್ತದೆ, ಮುಳುಗಿದ ಗಿಡವೂ ಬಾಡುತ್ತದೆ, ಮುಖ ನೋಡಿ ಹೇಳಲಾಗದು.

ಮುಂದೆ ಕಾಂಡದ ಬುಡ ನೋಡಿ. ಮಣ್ಣು ಸೇರುವ ಕಡೆ ಅದು ಆನೆಯ ಕಾಲಿನಂತೆ ಸ್ವಲ್ಪ ಅಗಲವಾಗಬೇಕು. ನೇರ ಕಂಬದಂತೆ ಒಳಗೆ ಇಳಿದಿದ್ದರೆ ಆಳವಾಗಿ ನೆಟ್ಟಿದ್ದಾರೆ. ಗುಂಡಿ ಬೇರುಗಡ್ಡೆಯ, ಅಂದರೆ ಬೇರು ಹಿಡಿದ ಮಣ್ಣಿನ ಉಂಡೆಯ, ಎರಡು-ಮೂರು ಪಟ್ಟು ಅಗಲವಿರಬೇಕು, ಆಳ ಮಾತ್ರ ಗಡ್ಡೆಯಷ್ಟೇ. ಅಗಲ ತೋಡಲು ಬೇಸರ, ಆಳ ತೋಡಲು ಉತ್ಸಾಹ, ಇದು ನಾನು ಎಲ್ಲೆಡೆ ಕಂಡ ವಿಚಿತ್ರ. ಒಂದೇ ತಿಂಗಳಾಗಿದೆ, ಈಗಲೂ ಮೇಲೆತ್ತಿ ನೆಡಬಹುದು. ಎತ್ತಿದಾಗ ಚೀಲದ ಆಕಾರದಲ್ಲೇ ಬೇರು ಸುತ್ತಿಕೊಂಡಿದ್ದರೆ ಸುತ್ತುಬೇರುಗಳನ್ನು ಕತ್ತರಿಸಿ, ಉಳಿದವನ್ನು ಬಿಡಿಸಿ ಹರಡಿ. ಒಣ ಎಲೆ, ಚಕ್ಕೆಯ ಹೊದಿಕೆಯನ್ನು ಕಾಂಡಕ್ಕೆ ತಾಗಿಸಬೇಡಿ, ನಾಲ್ಕು ಬೆರಳು ಬಿಡಿ. ಆಸರೆಯ ಗೂಟ ಒಂದು ವರ್ಷಕ್ಕೆ ಹೊರಗೆ.

ಪ್ರಶ್ನೆ: ಕೆಲಸ ನಡೆಯುವಾಗ ದಿನವೂ ರಜೆ ಹಾಕಿ ನಿಲ್ಲಬೇಕೇ?

ಉತ್ತರ: ಬೇಡ. ನಾಲ್ಕು ದಿನ ಸಾಕು. ಸುಣ್ಣದ ಗೆರೆ ಎಳೆಯುವ ದಿನ. ಕೊಳವೆ ಹಾಕಿದ ತೋಡು ಮುಚ್ಚುವ ದಿನ. ಮುಚ್ಚುವ ಮುನ್ನ ಪಕ್ಕದಲ್ಲಿ ಅಳತೆಪಟ್ಟಿ ಬಿಚ್ಚಿಟ್ಟು ಮೊಬೈಲಿನಲ್ಲಿ ಚಿತ್ರ ತೆಗೆಯಿರಿ. ಕಲ್ಲಿನಡಿಯ ಜಲ್ಲಿ ಹರಡುವ ದಿನ, 10 ಸೆಂ.ಮೀ. ಎಂದದ್ದು 6 ಆಗುವುದು ಅಲ್ಲಿಯೇ. ಮತ್ತು ಗಿಡ ಇಳಿಸುವ ದಿನ. ಅಂದು ಚೀಲಗಳನ್ನು ಬಿಚ್ಚದೆ ಅವುಗಳ ಜಾಗದಲ್ಲಿ ಇಡಿಸಿ, ಮನೆಯ ಒಳಗೆ ಹೋಗಿ ಕಿಟಕಿಯಿಂದ ನೋಡಿ. ತೋಟವನ್ನು ನೀವು ಹೆಚ್ಚು ಹೊತ್ತು ನೋಡುವುದು ಆ ಕಿಟಕಿಯಿಂದಲೇ. ಎರಡು ಗಿಡ ಅತ್ತಿತ್ತ ಸರಿಸಬೇಕೆನಿಸುತ್ತದೆ, ಸರಿಸಿ. ಗುಂಡಿ ತೋಡುವುದು ಅದಾದ ಮೇಲೆ.